ನುಸಿ ಬದುಕಿರುವ ಕಾಳು

ವಗಿಯೆಂ ಹತ್ತಿರ ನವಣೆ ಕೊಳ್ಳುವವನು ಮೊದಲು ಬೈಗುಳ ತೆಗೆದುಕೊಳ್ಳಬೇಕು, ಆಮೇಲೆ ನವಣೆ. ಕೇಳದೆ ಚೀಲದೊಳಗೆ ಕೈ ಹಾಕಿದಿರೋ, "ಕೈ ತೊಳ್ಕೊಂಡ್ ಬಂದ್ಯಾ? ಈಗಷ್ಟೇ ಸಿಗರೇಟು ಸೇದಿದ ಕೈ ಅದು. ಇದು ಹಕ್ಕಿ ತಿನ್ನೋ ಕಾಳಪ್ಪ!" ಎಂದು ಮೊರದ ಅಂಚಿನಿಂದ ಮೊಣಕೈಗೆ ಒಂದು ಕೊಟ್ಟೇ ಕೊಡುತ್ತಾಳೆ. ಐದು ದಿನಕ್ಕೊಮ್ಮೆ ಪಹಿಂಗ್ ದಿನ ಸೇರುವ ನಮ್ಮ ಸಂತೆಯಲ್ಲಿ, ಹಕ್ಕಿ ಸಾಲಿನ ಕೊನೆಯ ಹುಣಸೆಮರದ ಬುಡದಲ್ಲಿ ಅವಳು ಚಾಪೆ ಹಾಸಿ ಕೂರಲು ತೊಡಗಿ ಮೂವತ್ತನಾಲ್ಕು ವರ್ಷವಾಯಿತು. ಅದಕ್ಕೂ ಮುಂಚೆ ಅದೇ ಜಾಗದಲ್ಲಿ ಅವಳ ತಾಯಿ ಕೂರುತ್ತಿದ್ದಳು. ಪಹಿಂಗ್ ಹಾಗೆಯೇ ಐದು ದಿನಕ್ಕೊಮ್ಮೆ ಬರುವ ವಗೆ ದಿನ ಹುಟ್ಟಿದ್ದಕ್ಕೆ ವಗಿಯೆಂ ಎಂದು ಹೆಸರಿಟ್ಟರು. ಊರಿಗೆಲ್ಲ ಅವಳು ಯು ಗಿಯೆಂ, ಅಂದರೆ ಗಿಯೆಂ ಅಕ್ಕ. ಅರವತ್ತು ದಾಟಿದರೂ ಹಲ್ಲು ಗಟ್ಟಿ, ನಾಲಿಗೆ ಅದಕ್ಕಿಂತ ಗಟ್ಟಿ.

ಅವಳು ಮಾರುವುದು ಬೆಳವಕ್ಕಿಯ ಕಾಳು. ನವಣೆ, ಕಪ್ಪು ಅಂಟಕ್ಕಿ, ಸಣ್ಣ ಭತ್ತ, ಚೂರು ಎಳ್ಳು. ನಮ್ಮ ಜಾವಾದ ಗಂಡಸಿಗೆ ಮನೆ, ಹೆಂಡತಿ ಇದ್ದರೆ ಸಾಲದು. ಅಂಗಳದಲ್ಲಿ ಬಿದಿರಿನ ಉದ್ದನೆಯ ಗಳು, ಗಳುವಿನ ತುದಿಗೆ ರಾಟೆ, ರಾಟೆಯ ಹಗ್ಗದಲ್ಲಿ ಪಂಜರ, ಪಂಜರದೊಳಗೆ ಬೂದು ಬಣ್ಣದ ಪೆರ್ಕುತುತ್ ಬೆಳವ, ಇಷ್ಟೂ ಇರಬೇಕು. ಬೆಳಿಗ್ಗೆ ಹಗ್ಗ ಎಳೆದು ಪಂಜರವನ್ನು ಮೇಲೇರಿಸುತ್ತಾರೆ. ಹಕ್ಕಿ ಮೇಲಿಂದ ಕೂಗಿದರೆ ಮನೆಗೆ ಶುಭ. ಕೂಗುವುದನ್ನು ನಿಲ್ಲಿಸಿತೋ, ಆ ಮನೆಯ ಯಜಮಾನನಲ್ಲೇ ಏನೋ ಕುಂದು ಬಂದಿದೆ ಎಂದು ಓಣಿಯೆಲ್ಲ ಗುಸುಗುಸು ಮಾಡುತ್ತದೆ.

ಈ ಸಲ ಮಳೆ ಜಪ್ಪಯ್ಯ ಅಂದರೂ ಬಿಡಲಿಲ್ಲ. ಇಪ್ಪತ್ತು ದಿನ ಬಿಸಿಲು ಕಾಣದೆ ಕಾಳು ಮೆತ್ತಗಾಗಿ, ವಗಿಯೆಂಳ ಅಂಟಕ್ಕಿಯಲ್ಲಿ ನುಸಿ ಎದ್ದಿತು. ಪೇಟೆಯಿಂದ ಬಂದಿದ್ದ ಗಿರಾಕಿಯೊಬ್ಬ ಎರಡು ಕಿಲೋ ಕಟ್ಟಿಸಿಕೊಂಡು ಎದ್ದಾಗ ಅವನ ಬಿಳಿ ಅಂಗಿಯ ತೋಳಿನ ಮೇಲೆ ನಾಲ್ಕು ಮೂತಿಹುಳ ಸಾಲಾಗಿ ಹತ್ತುತ್ತಿದ್ದವು. ಅವನು ಹಾವು ಕಂಡವನಂತೆ ಕಿರುಚಿಕೊಂಡ. ಕೇಳಬೇಕೆ? ಅರ್ಧ ಸಂತೆ ಅಲ್ಲಿ ಬಂದು ನಿಂತಿತು.

ಜನರನ್ನು ಸರಿಸಿಕೊಂಡು ಪಾಕ್ ಚಾರಿಕ್ ಬಂದರು. ಊರ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು, ಹೆಸರು ಮರ್ತೊನೊ. ಆದರೆ ಆ ಹೆಸರು ಹಿಡಿದು ಕರೆಯುವ ಧೈರ್ಯ ಯಾರಿಗೂ ಇಲ್ಲ, ಹುದ್ದೆಯ ಹೆಸರೇ ಅವರಿಗೆ ಅಂಟಿಕೊಂಡಿದೆ. ಹಕ್ಕಿ ಸಾಕುವವರ ಸಂಘಕ್ಕೆ ಅವರೇ ಅಧ್ಯಕ್ಷರು. ಹಕ್ಕಿ ಸಾಲಿನಲ್ಲಿ ಯಾರು ಎಲ್ಲಿ ಕೂರಬೇಕು ಎಂಬುದು ಸಂಘದ ಮಾತು. ಅವರ ಹಿಂದೆಯೇ ಅಳಿಯ ಗುಂತೊರೊ. ರಸ್ತೆಯ ಆಚೆ ಹೊಸ ಅಂಗಡಿ ತೆರೆದು, ಥಳಥಳ ಹೊಳೆಯುವ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಹಕ್ಕಿಕಾಳು ಮಾರುವವನು ಅವನೇ.

"ಏನಿದು ಯು?" ಪಾಕ್ ಚಾರಿಕ್ ಮೆಲ್ಲಗೆ ಕೇಳಿದರು. ಅವರು ದನಿ ಏರಿಸಿದ್ದನ್ನು ಯಾರೂ ಕೇಳಿಲ್ಲ.

"ನುಸಿ."

"ನುಸಿ ಅಂತ ನಂಗೂ ಗೊತ್ತು."

"ಗೊತ್ತಿದ್ರೆ ಯಾಕೆ ಕೇಳಿದ್ರಿ?"

ಜನ ಕಿಸಕ್ಕನೆ ನಕ್ಕರು. ಗುಂತೊರೊಗೆ ಮೈ ಉರಿಯಿತು. "ಇಂಥ ಹುಳಾಡೋ ಕಾಳು ತಿಂದ್ರೆ ಹಕ್ಕಿ ಗಂಟಲು ಏನಾಗ್ಬೇಕು? ನನ್ನ ಪ್ಯಾಕೆಟ್ ನೋಡಿ ಬನ್ನಿ. ವರ್ಷ ಇಟ್ರೂ ಒಂದು ಹುಳ ಹತ್ರ ಸುಳಿಯಲ್ಲ!"

"ವರ್ಷ ಇಟ್ರೂ ಹುಳ ಸುಳಿಯಲ್ಲ ಅಂದ್ರೆ, ನಿನಗಿಂತ ಹುಳಕ್ಕೇ ಬುದ್ಧಿ ಜಾಸ್ತಿ ಅಂತಾಯ್ತು," ಎಂದಳು ವಗಿಯೆಂ.

ನಗು ಇನ್ನೂ ಜೋರಾಯಿತು. ಪಾಕ್ ಚಾರಿಕ್ ಮಾತ್ರ ನಗಲಿಲ್ಲ. ಮುಂದಿನ ಪಹಿಂಗ್ ಹೊತ್ತಿಗೆ ಕಾಳು ಶುದ್ಧವಾಗಿರಬೇಕು, ಒಂದು ನುಸಿ ಕಂಡರೂ ಸಂಘದವರು ಚಾಪೆ ಎತ್ತಿಸುತ್ತಾರೆ ಎಂದರು. ಎಲ್ಲರೂ ಏನು ಮಾಡ್ತಾರೋ ಅದನ್ನೇ ನೀವೂ ಮಾಡಿ ಎಂದು ಮೃದುವಾಗಿ ಸೇರಿಸಿದರು. ಏನು ಮಾಡಬೇಕು ಎಂದು ಬಾಯಿ ಬಿಟ್ಟು ಹೇಳಲಿಲ್ಲ. ಹೇಳಬೇಕಾದ್ದೂ ಇರಲಿಲ್ಲ. ಗೊಬ್ಬರದ ಅಂಗಡಿಯಲ್ಲಿ ಬಿತ್ತನೆ ಭತ್ತಕ್ಕೆ ಬೆರೆಸುವ ಬಿಳಿ ಪುಡಿ ಯಾರು ಕೇಳಿದರೂ ಸಿಗುತ್ತದೆ.

ಆ ದಿನ ಮನೆಗೆ ಬಂದರೆ ಸುದ್ದಿ ಅವಳಿಗಿಂತ ಮೊದಲೇ ಬಂದಿತ್ತು. ಮಗಳು ಲೆಗಿನಾ ಪಕ್ಕದ ಓಣಿಯಲ್ಲೇ ಸಂಸಾರ ಮಾಡಿಕೊಂಡಿದ್ದಾಳೆ. ತೆಂಪೆ ಎಂಬ ಸೋಯಾ ಬಿಲ್ಲೆ ಕರಿದು ಮಾರುತ್ತಾಳೆ. ಕರಿಯುವುದನ್ನು ಬಿಟ್ಟು ಓಡಿ ಬಂದಿದ್ದಳು. ಅವ್ವನನ್ನು ಅವಳು ಕರೆಯುವುದು ಸಿಂಬೊಕ್ ಎಂದೇ.

"ಸಿಂಬೊಕ್, ಚೀಲಕ್ಕೆ ಒಂದೇ ಒಂದು ಚಮಚ ಹಾಕಿದ್ರೆ ಸಾಕಂತೆ. ಎಲ್ರೂ ಹಾಕ್ತಾರೆ. ಆಮೇಲೆ ಚೆನ್ನಾಗಿ ಕೇರಿಬಿಟ್ರೆ…"

"ಬಾಯಿ ಮುಚ್ಚೇ."

"ಅಜ್ಜಿ ಕೂತ ಜಾಗ ಅದು. ಅವರು ಎತ್ತಂಗಡಿ ಮಾಡಿದ್ರೆ ಎಲ್ಲಿಗೆ ಹೋಗ್ತೀಯಾ?"

"ಎಲ್ಲಿಗಾದ್ರೂ ಹೋಗ್ತೀನಿ. ಆ ಪುಡಿ ಮಾತು ಇನ್ನೊಂದ್ಸಲ ಈ ಮನೇಲಿ ಎತ್ತಿದ್ರೆ ನೀನೂ ನಿನ್ನ ಮನೆಗೆ ಹೋಗು."

ಲೆಗಿನಾ ಮುಖ ಊದಿಸಿಕೊಂಡು ಹೋದಳು. ಅವ್ವನಿಗೆ ಹಟ ಎಂದುಕೊಂಡಳು. ಹಟವೇನೋ ಹೌದು. ಆದರೆ ಅದರ ಬೇರು ಎಲ್ಲಿದೆ ಎಂದು ಮಗಳಿಗೂ ಗೊತ್ತಿರಲಿಲ್ಲ. ಗೊತ್ತಿದ್ದವನು ವಗಿಯೆಂಳ ಗಂಡ ಪೊನಿರಾನ್ ಒಬ್ಬನೇ. ಅವನು ಮಣ್ಣು ಸೇರಿ ಆರು ವರ್ಷವಾಗಿತ್ತು.

ಅದು ಬೆಟ್ಟ ಬೂದಿ ಉಗುಳಿದ ವರ್ಷ. ಈಗ್ಗೆ ಹತ್ತೊಂಬತ್ತು ವರ್ಷದ ಮಾತು. ಬೂದಿ ಮುಸುಕಿ ವಾರಗಟ್ಟಲೆ ಬಿಸಿಲೇ ಇರಲಿಲ್ಲ. ವಗಿಯೆಂ ಮನೆಯ ಕಾಳಿಗೆಲ್ಲ ನುಸಿ ಹಿಡಿಯಿತು. ಪಕ್ಕದ ಮನೆಯವರು ಬಿತ್ತನೆ ಭತ್ತಕ್ಕೆ ತಂದು ಮಿಕ್ಕಿದ್ದ ಪುಡಿಯನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ಕೊಟ್ಟರು. ಪೊಟ್ಟಣದ ಮೇಲೆ ತಲೆಬುರುಡೆ ಇಲ್ಲ, ಒಂದಕ್ಷರ ಇಲ್ಲ. ಅವಳು ಎರಡು ಚೀಲಕ್ಕೆ ಬೆರೆಸಿದಳು. ಮಾರುವ ಮುಂಚೆ ಮೂರು ಸಲ ಕೇರಿದಳು. ಗೀಜಗದಂಥ ಸಣ್ಣ ಹಕ್ಕಿ ಕಾಳಿನ ಸಿಪ್ಪೆ ಸುಲಿದು ತಿನ್ನುವುದನ್ನು ಅವಳು ದಿನಾ ನೋಡುತ್ತಿದ್ದಳು. ಪುಡಿ ಉಳಿದಿದ್ದರೂ ಸಿಪ್ಪೆಯ ಮೇಲೆ ತಾನೆ, ಸಿಪ್ಪೆ ಹಕ್ಕಿ ಉಗಿಯುತ್ತೆ ತಾನೆ ಎಂಬುದು ಅವಳ ಲೆಕ್ಕಾಚಾರ.

ನಾಲ್ಕು ದಿನದಲ್ಲಿ ಹನ್ನೊಂದು ಬೆಳವ ಸತ್ತವು. ಹನ್ನೊಂದನೆಯದು ಪೊನಿರಾನನದೇ. ಬೆಳಿಗ್ಗೆ ಮೇಲೇರಿಸಿದ ಪಂಜರವನ್ನು ಬಿಸಿಲು ನೆತ್ತಿಗೆ ಬರುವವರೆಗೆ ಇಳಿಸಬಾರದು, ಇಳಿಸಿದರೆ ಹಕ್ಕಿಯ ದನಿ ಒಡೆಯುತ್ತದೆ ಎಂದು ನಮ್ಮವರ ನಂಬಿಕೆ. ಹಕ್ಕಿ ಕೂಗುತ್ತಿಲ್ಲ, ಮುನಿಸಿಕೊಂಡಿದೆ ಎಂದುಕೊಂಡು ಅವನು ಕೆಳಗೆ ಕೂತು ಸಿಳ್ಳೆ ಹಾಕಿ ಹಾಕಿ ಕರೆದ. ಮಧ್ಯಾಹ್ನ ಹಗ್ಗ ಬಿಟ್ಟು ಇಳಿಸಿದರೆ ಹಕ್ಕಿ ಕಾಲು ಮೇಲೆ ಮಾಡಿ ಮರಗಟ್ಟಿ ಹೋಗಿತ್ತು.

ಊರಿನವರು ಬೂದಿಯಿಂದ ಸತ್ತವು ಎಂದರು.  ಪೊನಿರಾನ್ ಸೀದಾ ಒಳಗೆ ಹೋಗಿ ಚೀಲವನ್ನು ಒಳಮಗ್ಗುಲು ಹೊರಳಿಸಿದ. ಹೊಲಿಗೆಯ ಸಂದಿನಲ್ಲಿ ಬಿಳಿ ಪುಡಿ ಕೂತಿತ್ತು.

"ಮೂರು ಸಲ ಕೇರಿದೆ ಕಣಯ್ಯ," ಎಂದು ಅವಳು ಅತ್ತಳು. "ಸಿಪ್ಪೆ ಮೇಲಿಂದು ಸಿಪ್ಪೆಗೇ ಹೋಗುತ್ತೆ ಅಂದ್ಕೊಂಡೆ."

"ಗಿಯೆಂ," ಎಂದ ಅವನು, "ಬೆಳವ ಯಾವತ್ತಾದ್ರೂ ಸಿಪ್ಪೆ ಸುಲಿದಿದ್ದು ನೋಡಿದೀಯೇನೇ?"

ಇಲ್ಲ. ಬೆಳವ ಇಡೀ ಕಾಳು ನುಂಗುತ್ತದೆ. ಹುಟ್ಟಿದಾಗಿನಿಂದ ಹಕ್ಕಿಕಾಳಿನ ನಡುವೆಯೇ ಬೆಳೆದವಳಿಗೆ ಅದು ಹೊಳೆಯಲಿಲ್ಲ. ಅವನು ಆ ಚೀಲಗಳನ್ನು ಬಾವಿಯಿಂದ ದೂರ, ಕಲ್ಲುಗುಡ್ಡದ ಹಿಂದೆ ಆಳವಾಗಿ ಹೂತು ಬಂದ. ಇಡೀ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡ. ಸಾಯುವವರೆಗೂ ಯಾರ ಮುಂದೂ ತುಟಿ ಪಿಟಕ್ಕೆನ್ನಲಿಲ್ಲ. ಆದರೆ ಮತ್ತೆ ಹಕ್ಕಿ ಸಾಕಲಿಲ್ಲ. ಆ ಖಾಲಿ ಗಳು ಇವತ್ತಿಗೂ ಅಂಗಳದಲ್ಲಿ ನಿಂತಿದೆ. ಹತ್ತೊಂಬತ್ತು ವರ್ಷದಿಂದ ಅವಳು ಅದರ ಸುತ್ತಲೇ ಕಸ ಗುಡಿಸುತ್ತಾಳೆ.

ಅವತ್ತಿನಿಂದ ಅವಳ ಕಾಳಿಗೆ ಮೂರೇ ಮದ್ದು, ಬಿಸಿಲು, ಮೊರ, ತಗಡಿನ ಡಬ್ಬ. ಕಾಳನ್ನು ಚಾಪೆಯ ಮೇಲೆ ತೆಳ್ಳಗೆ ಹರಡಿ, ಹಲ್ಲಿಗೆ ಕಟಕ್ ಎನ್ನುವವರೆಗೆ ಒಣಗಿಸುತ್ತಾಳೆ. ಸೆಕೆ ತಾಳದೆ ನುಸಿಗಳು ನೆರಳು ಹುಡುಕಿಕೊಂಡು ಅಂಚಿಗೆ ಬರುತ್ತವೆ. ಅಲ್ಲಿ ತೇಗದ ಎಲೆ ಹೊದಿಸಿಟ್ಟಿರುತ್ತಾಳೆ. ಎಲೆ ಎತ್ತಿದರೆ ಅಡಿಯಲ್ಲೆಲ್ಲ ನುಸಿ. ಅವು ಕೋಳಿಗಳ ಪಾಲು. ಒಣಗಿದ ಕಾಳನ್ನು ಡಬ್ಬದ ಕಂಠದವರೆಗೆ ತುಂಬಿ, ಮೇಲೊಂದು ಮೋಂಬತ್ತಿ ಹಚ್ಚಿಟ್ಟು, ಮುಚ್ಚಳ ಹಾಕಿ ಸುತ್ತ ಮೇಣ ಬಳಿಯುತ್ತಾಳೆ. ಒಳಗೆ ಗಾಳಿ ಮುಗಿದ ಮೇಲೆ ಹುಳವೂ ಮುಗಿಯುತ್ತದೆ. ಬಿಸಿಲಿದ್ದ ವರ್ಷ ಇದಕ್ಕೆ ಸಮ ಇಲ್ಲ. ಬಿಸಿಲಿಲ್ಲದ ವರ್ಷ ನುಸಿ ಗೆಲ್ಲುತ್ತದೆ. ಅದನ್ನು ಅವಳು ಯಾರಿಂದಲೂ ಮುಚ್ಚಿಟ್ಟವಳಲ್ಲ.

ಸಂತೆಯ ಮಾರನೇ ದಿನ ಲೆಗಿನಾಳ ಸಿಟ್ಟು ಇಳಿದಿತ್ತು. ಬಿಸಿ ತೆಂಪೆ ಹಿಡಿದುಕೊಂಡು ಬಂದು ಅವ್ವನ ಜೊತೆ ಕೇರಲು ಕೂತಳು. ಕೈ ಆಡುತ್ತಿದ್ದಾಗ ಬಾಯಿ ಸುಮ್ಮನಿರುತ್ತದೆಯೇ? "ಗೊತ್ತಾ ಸಿಂಬೊಕ್, ಪಾಕ್ ಚಾರಿಕ್ ಮನೆ ಗಳು ಹದಿನೈದು ದಿನದಿಂದ ಖಾಲಿ. ಗೆಂತಾ ಕೂಗೋದು ಬಿಟ್ಟಿದೆಯಂತೆ."

ವಗಿಯೆಂಳ ಕೈಯಲ್ಲಿ ಮೊರ ನಿಂತಿತು. ಗೆಂತಾ ಎಂದರೆ ಗಂಟೆ. ಪಾಕ್ ಚಾರಿಕ್ ಅವರ ಆ ಬೆಳವ ಜಿಲ್ಲೆಯ ಮೂರು ಸ್ಪರ್ಧೆ ಗೆದ್ದಿತ್ತು.

"ಅವರ ಮನೆಗೆ ಕಾಳು ಎಲ್ಲಿಂದ ಹೋಗುತ್ತೆ?"

"ಅದೇನು ಕೇಳ್ತೀಯಾ? ಅಳಿಯನ ಅಂಗಡಿ ಇರೋವಾಗ ನಿನ್ನ ಹತ್ರ ಬರ್ತಾರಾ?"

ಆಗಲೇ ಅವಳು ಮಗಳನ್ನು ಕಳಿಸಿ ಗುಂತೊರೊ ಅಂಗಡಿಯ ಒಂದು ಪ್ಯಾಕೆಟ್ ತರಿಸಿದಳು. ಕತ್ತರಿಸಿ ಮೂಸಿದಳು.  ಹತ್ತೊಂಬತ್ತು ವರ್ಷ ಮೂಗಿನಿಂದ ಹೋಗದ ವಾಸನೆ ಅದು. ಮೂಗನ್ನೇ ನಂಬಿ ಕೂರುವವಳಲ್ಲ ಅವಳು. ಹಪ್ಪಳ ಹಾಕಿಡುವ ಎರಡು ಗಾಜಿನ ಸೀಸೆ ತೊಳೆದು ಒರೆಸಿ, ಒಂದರಲ್ಲಿ ತನ್ನ ಕಾಳು, ಇನ್ನೊಂದರಲ್ಲಿ ಪ್ಯಾಕೆಟ್ ಕಾಳು ಹಾಕಿ, ಕೇರುತ್ತಿದ್ದ ಮೊರದಿಂದ ನುಸಿ ಆರಿಸಿ ಒಂದೊಂದಕ್ಕೆ ಇಪ್ಪತ್ತು ಬಿಟ್ಟಳು. ಸೀಸೆಗಳ ಬಾಯಿಗೆ ತೆಳು ಬಟ್ಟೆ ಕಟ್ಟಿದಳು. ಬೆಳಿಗ್ಗೆ ನೋಡಿದರೆ ತನ್ನ ಸೀಸೆಯಲ್ಲಿ ಇಪ್ಪತ್ತೂ ಗಾಜು ಹತ್ತಿ ಇಳಿದು ಮಾಡುತ್ತಿದ್ದವು. ಪ್ಯಾಕೆಟ್ ಸೀಸೆಯಲ್ಲಿ ಇಪ್ಪತ್ತೂ ಅಂಗಾತ ಬಿದ್ದಿದ್ದವು.

"ಕುಲೊ ನುವುನ್," ಒಳಗೆ ಬರಲೇ, ಎಂದು ಅವಳು ಪಾಕ್ ಚಾರಿಕ್ ಬಾಗಿಲಲ್ಲಿ ನಿಂತು ಕೂಗಿದಾಗ ಅವರು ಜಗುಲಿಯಲ್ಲಿ ಪಂಜರದ ಮುಂದೆ ಕೂತಿದ್ದರು. ಪಂಜರದ ಸುತ್ತ ಹೂವಿನ ಎಸಳು ಬಿದ್ದಿದ್ದವು. ಹೂ ನೀರಿನಲ್ಲಿ ಹಕ್ಕಿಯನ್ನು ಮೀಯಿಸಿದ್ದರು. ತಾವೂ ಮೂರು ದಿನದಿಂದ ಉಪವಾಸವಿದ್ದರು. ಮುಖ ಹಿಂಡಿದ ಬಟ್ಟೆಯಂತಾಗಿತ್ತು.

ಸೀಸೆಯ ಮಾತಿಗೂ ಮೊದಲು ವಗಿಯೆಂ ಹಕ್ಕಿಯನ್ನು ನೋಡಿದಳು. ರೆಕ್ಕೆ ಇಳಿಬಿದ್ದಿತ್ತು. ಕೋಲಿನ ಮೇಲೆ ಕಾಲು ನಡುಗುತ್ತಿತ್ತು. ಕೊಕ್ಕಿನ ತುದಿಯಲ್ಲಿ ಜೊಲ್ಲು, ಕೆಳಗೆ ನೀರು ನೀರು ಹಿಕ್ಕೆ. ಕಣ್ಣಿನ ಪಾಪೆ ಚುಕ್ಕಿಯಷ್ಟಾಗಿತ್ತು. ಆ ವರ್ಷ ಸತ್ತ ಹಕ್ಕಿಗಳೂ ಸಾಯುವ ಮುಂಚೆ ಹೀಗೇ ಇದ್ದವು.

"ಪಾಕ್ ಚಾರಿಕ್, ಹಕ್ಕಿಗೆ ಹಾಕ್ತಿರೋ ಕಾಳು ಈಗ್ಲೇ ಚೆಲ್ಲಿ."

"ಇದು ಕಾಳಿನ ವಿಷಯ ಅಲ್ಲ ಯು." ಅವರು ತಲೆ ಎತ್ತಲಿಲ್ಲ. "ಇದು ನನ್ನ ವಿಷಯ. ಶುಭ ಮನೆ ಬಿಟ್ಟು ಹೋಗೋ ಕಾಲ ಬಂದಾಗ ಹಕ್ಕಿ ಮೊದಲು ಕೂಗೋದು ನಿಲ್ಸುತ್ತೆ. ಎಲ್ಲಿ ತಪ್ಪಿದೀನೋ ಅಂತ ಹುಡುಕ್ತಾ ಇದೀನಿ."

ಅವಳಿಗೆ ಅಯ್ಯೋ ಅನ್ನಿಸಿತು. ಹಿಂದೆಯೇ ಸಿಟ್ಟೂ ಬಂತು. ಮನುಷ್ಯ ಮೂರು ದಿನ ಅನ್ನ ಬಿಟ್ಟು ತನ್ನ ಪಾಪ ಹುಡುಕುತ್ತಿದ್ದಾನೆ, ಪಕ್ಕದಲ್ಲೇ ವಿಷದ ಬಟ್ಟಲಿಟ್ಟು ಹಕ್ಕಿಗೆ ತಿನ್ನಿಸುತ್ತಿದ್ದಾನೆ.

"ನಿಮಗೇನೂ ಆಗಿಲ್ಲ! ತಲೆ ಹೆಗಲ ಮೇಲೇ ಇದೆ, ಸ್ವಲ್ಪ ಉಪಯೋಗ್ಸಿ. ಈ ಸೀಸೆ ನೋಡಿ. ನನ್ನ ನಂಬಬೇಡಿ. ಚೆಲ್ಲಿ, ತೊಳೀರಿ, ನಿಮ್ಮ ಡಬ್ಬದ ಕಾಳು ನಿಮ್ಮ ಕೈಯಿಂದ ಹಾಕಿ. ಇಗೋ ಈ ಪೊಟ್ಟಣದಲ್ಲಿ ನುಸಿ ಇದೆ, ನೀವೇ ಎಣಿಸಿ ಬಿಡಿ. ಆಮೇಲೆ ನಾಳೆ ನೋಡಿ. ಮತ್ತೆ ಹಕ್ಕಿಗೆ ಅಲ್ಲಿವರೆಗೂ ಈ ಕಾಳು ಹಾಕಿ." ತನ್ನ ಸೆರಗಿನ ಗಂಟು ಬಿಚ್ಚಿ ಎರಡು ಹಿಡಿ ನವಣೆ ಜಗುಲಿಯ ಮೇಲೆ ಇಟ್ಟಳು. "ಕೇರಿ ಕೇರಿ ಕಣ್ಣು ಕಿತ್ತುಹೋಗಿದೆ, ಆದ್ರೂ ಒಂದೋ ಎರಡೋ ನುಸಿ ಇದ್ರೂ ಇರಬಹುದು. ಅದೇ ಅದರ ಮರ್ಯಾದೆ."

ಅವರು ಪಂಜರದತ್ತಲೇ ತಿರುಗಿಕೊಂಡರು. ಚಹಾ ಕುಡಿದು ಹೋಗಿ ಎಂದೂ ಅನ್ನಲಿಲ್ಲ. ನಮ್ಮ ಕಡೆ ಮನೆಗೆ ಬಂದವರಿಗೆ ಸಿಹಿ ಚಹಾ ಕೊಡದೆ ಕಳಿಸುವುದು ಎಂದರೆ ಮುಖಕ್ಕೆ ಹೊಡೆದ ಹಾಗೆ.

ಸಂತೆಯ ಹಿಂದಿನ ದಿನ ಮಧ್ಯಾಹ್ನ ಅವರೇ ವಗಿಯೆಂ ಅಂಗಳಕ್ಕೆ ಬಂದರು. ಕೈಯಲ್ಲಿ ಟವೆಲ್ಲಿನಲ್ಲಿ ಸುತ್ತಿದ ಎರಡು ಸೀಸೆ. ಆ ದಿನ ಅಪರೂಪಕ್ಕೆ ಬಿಸಿಲು ಬಿದ್ದಿತ್ತು. ಅವಳು ಚಾಪೆಯ ಮೇಲಿನ ಕಾಳಿನಲ್ಲಿ ಕೈಯಾಡಿಸುತ್ತಿದ್ದಳು. ಬನ್ನಿ ಎಂದು ಜಾಗ ತೋರಿಸಿದಳು.

"ಎರಡು ಸಲ ನೋಡಿದೆ," ಎಂದರು ಅವರು. ಟವೆಲ್ಲು ಬಿಚ್ಚಿದರು, ಅವರ ಕಾಳಿನ ಸೀಸೆಯಲ್ಲೂ ನುಸಿಗಳೆಲ್ಲ ಅಂಗಾತ ಬಿದ್ದಿದ್ದವು. "ಯು, ನಿಮ್ಮ ಜಾಗ ನಿಮಗೇ. ಸಂಘಕ್ಕೆ ನಾನು ಹೇಳ್ತೀನಿ, ಕಾಳು ಶುದ್ಧ ಆಗಿದೆ ಅಂತ. ನಾಳೆ ಯಾರೂ ನಿಮ್ಮ ಚೀಲ ಮುಟ್ಟಲ್ಲ. ಗುಂತೊರೊಗೂ ಒಳಗಿಂದೊಳಗೇ ಹೇಳಿ ನಿಲ್ಲಿಸ್ತೀನಿ. ಆದ್ರೆ ಈ ಸೀಸೆ ಮಾತು ಸಂತೆಗೆ ಬರಬಾರ್ದು."

"ಗೆಂತಾ ಹೇಗಿದೆ?"

"ಬದುಕಿದೆ. ಕೂಗಿಲ್ಲ."

"ಆ ಪ್ಯಾಕೆಟ್ ಎಷ್ಟು ಮನೆಗೆ ಹೋಗಿದೆ?"

"ನಲವತ್ತೋ, ಐವತ್ತೋ."

"ಅವರ ಹಕ್ಕಿಗೂ ಒಳಗಿಂದೊಳಗೇ ಹೇಳ್ತೀರಾ?"

ಪಾಕ್ ಚಾರಿಕ್ ಮುಖ ಹುಳ್ಳಗಾಯಿತು. "ನನ್ನ ಮಗಳ ಸಂಸಾರ ಯು. ಅಂಗಡಿ ಮುಳುಗಿದ್ರೆ ಅವಳೂ ಮುಳುಗ್ತಾಳೆ. ಅವನೂ ಕೆಟ್ಟವನಲ್ಲ. ಕೇರಿದ್ರೆ ಹೋಗುತ್ತೆ ಅಂತ ಅವನೂ ನಂಬಿದ್ದ."

ಕೇರಿದರೆ ಹೋಗುತ್ತೆ! ವಗಿಯೆಂ ಎದ್ದು ಒಳಗೆ ಹೋದಳು. ಚಹಾ ತಂದಿಟ್ಟಳು, ಅವರು ಕುಡಿದು ಹೊರಟರು. ಸೀಸೆಗಳನ್ನು ಅಲ್ಲೇ ಬಿಟ್ಟು ಹೋದರು. ಅವಳು ಗಳುವಿನ ಬುಡದಲ್ಲಿ ಕೂತಳು. ಜಾಗ ಸಿಕ್ಕಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಸಾಯುವವರೆಗೂ ಹುಣಸೆಮರದ ನೆರಳು ಅವಳದೇ. ಬಾಯಿ ತೆರೆದರೆ, ನಿನಗೆ ಹೇಗೆ ಗೊತ್ತು ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಅದಕ್ಕೆ ಇರುವುದು ಒಂದೇ ಉತ್ತರ. ಆ ಉತ್ತರ ಕೊಟ್ಟ ಹೆಂಗಸಿನ ಹತ್ತಿರ ಮತ್ತೆ ಯಾರು ಕಾಳು ಕೊಳ್ಳುತ್ತಾರೆ?

"ನೀನಂತೂ ಹೊಟ್ಟೆಗೆ ಹಾಕ್ಕೊಂಡು ಹೋಗ್ಬಿಟ್ಟೆ," ಎಂದು ಅವಳು ಗಳುವಿಗೆ ಹೇಳಿದಳು. "ನನಗೆ ಅದು ಅರಗ್ತಾ ಇಲ್ಲ ಕಣಯ್ಯ."

ಪಹಿಂಗ್ ದಿನ ಬೆಳಿಗ್ಗೆ ಹುಣಸೆಮರದ ಕೆಳಗೆ ಎಂದಿನಂತೆ ಚಾಪೆ ಬಿತ್ತು. ಚೀಲಗಳ ಮುಂದೆ, ಎಲ್ಲರ ಕಣ್ಣಿಗೆ ಬೀಳುವಂತೆ ಎರಡು ಗಾಜಿನ ಸೀಸೆ. ಪಂಜರ ಹೊತ್ತು ಬಂದವರೆಲ್ಲ ಬಗ್ಗಿ ನೋಡಿದರು. "ಇದೇನು ಯು, ನುಸಿನೂ ಮಾರ್ತೀರಾ ಈಗ?" ಎಂದು ಒಬ್ಬ ಕಿಚಾಯಿಸಿದ.

"ಎಣಿಸು," ಎಂದಳು. "ಇದರಲ್ಲಿ ನನ್ನ ಕಾಳು, ಇಪ್ಪತ್ತು ನುಸಿ, ಇಪ್ಪತ್ತೂ ಜೀವಂತ. ಅದರಲ್ಲಿ ಥಳಥಳ ಪ್ಯಾಕೆಟ್ ಕಾಳು. ಇಪ್ಪತ್ತು ನುಸಿ, ಇಪ್ಪತ್ತೂ ಹೆಣ. ಒಂದು ರಾತ್ರಿ ಸಾಕಾಯ್ತು."

ಗುಂಪು ಸೇರಿತು. ಗುಂತೊರೊ ಅಂಗಡಿ ಬಿಟ್ಟು ಓಡಿ ಬಂದ. ಸಂಘದವರೂ ಬಂದರು. ಪಾಕ್ ಚಾರಿಕ್ ಎಲ್ಲರ ಹಿಂದೆ ನಿಂತರು. ಅವಳನ್ನು ನೋಡಿ ಮೆಲ್ಲಗೆ ತಲೆಯಾಡಿಸಿದರು, ಬೇಡ ಎನ್ನುವ ಹಾಗೆ. ಅವಳು ಸೊಪ್ಪು ಹಾಕಲಿಲ್ಲ.

"ಹುಳ ಸಾಯ್ಲಿ ಅಂತಲೇ ಅಲ್ವಾ ಮದ್ದು ಹಾಕೋದು?" ಗುಂತೊರೊ ಕೂಗಿದ. "ಹುಳ ಸತ್ರೆ ಹಕ್ಕಿನೂ ಸಾಯುತ್ತೆ ಅಂತ ಯಾರು ಹೇಳಿದ್ದು? ನಾವು ಕೇರಿ, ಜರಡಿ ಹಿಡಿದು ಕೊಡ್ತೀವಿ. ಓದು ಬರಹ ಇಲ್ಲದ ನಿಮಗೇನು ಗೊತ್ತು ಮದ್ದಿನ ವಿಷಯ?"

ಅವಳು ಎದ್ದು ನಿಂತಳು. ಗಿಡ್ಡ ಹೆಂಗಸು, ಎದ್ದು ನಿಂತರೂ ಗುಂತೊರೊನ ಎದೆಯವರೆಗೆ ಬರುವವಳು.

"ನಂಗೆ ಗೊತ್ತು. ಯಾಕಂದ್ರೆ ನಾನು ಕೊಂದಿದೀನಿ."

ಯಾರಿಗೂ ಅರ್ಥವಾಗಲಿಲ್ಲ.

"ಬೆಟ್ಟ ಬೂದಿ ಉಗುಳಿದ ವರ್ಷ ಹನ್ನೊಂದು ಬೆಳವ ಸತ್ತವಲ್ಲ, ಬೂದಿ ತಿಂದು ಸತ್ತವು ಅಂದ್ರಲ್ಲ ಎಲ್ರೂ? ಬೂದಿ ಅಲ್ಲ. ನನ್ನ ಕಾಳು. ಇದೇ ಪುಡಿ ಹಾಕಿದ್ದೆ. ನಾನೂ ಮೂರು ಸಲ ಕೇರಿದೆ ಕಣೋ ಗುಂತೊರೊ, ಮೂರು ಸಲ! ಬೆಳವ ಸಿಪ್ಪೆ ಸುಲಿಯಲ್ಲ, ಕಾಳು ಸಮೇತ ಪುಡಿ ನುಂಗುತ್ತೆ. ಅಷ್ಟು ನನಗೆ ಹೊಳೀಲಿಲ್ಲ."  ಒಂದೊಂದೇ ಮನೆಯ ಹೆಸರು ಹೇಳುತ್ತ ಹೋದಳು. ಮೇಲಿನ ಓಣಿಯಲ್ಲಿ ನಾಲ್ಕು. ನದಿ ಕಡೆ ಮೂರು. ಮಸೀದಿ ಹಿಂದೆ ಎರಡು. "ನನ್ನ ಗಂಡಂದು ಒಂದು. ಪಾಕ್ ಚಾರಿಕ್, ನಿಮ್ಮ ತಂದೇದು ಒಂದು. ಆ ಹಕ್ಕಿ ಹೋದ ಮೇಲೆ ಅವರು ಮನೆಯಿಂದಾಚೆ ಬರೋದು ಬಿಟ್ರು. ತಮ್ಮ ದೆಸೆ ಕೆಟ್ಟಿತು ಅಂತ ಕೊರಗಿ ಕೊರಗಿ ಹೋದ್ರು. ಅವರ ದೆಸೆಗೆ ಏನೂ ಆಗಿರಲಿಲ್ಲ. ನಾನು ಸುಮ್ನಿದ್ದೆ."

 ಮೇಲಿನ ಓಣಿಯ ಮುದುಕನೊಬ್ಬ ನೆಲಕ್ಕೆ ಉಗಿದ. "ಥೂ, ಇಷ್ಟು ವರ್ಷ ಇವಳ ಹತ್ರ ಕಾಳು ತಗೊಂಡ್ವಲ್ಲ! ಎತ್ತಿ ಚಾಪೆ!"

"ಎತ್ತಿ," ಎಂದಳು ವಗಿಯೆಂ. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಚಾಪೆ ಎತ್ತಿ, ಚೀಲ ಬೀದಿಗೆ ಎಸೀರಿ, ನಾನು ಬೇಡ ಅನ್ನಲ್ಲ. ಆದ್ರೆ ಮೊದಲು ಮನೆಗೆ ಹೋಗಿ ಆ ಪ್ಯಾಕೆಟ್ ಕಾಳು ಬಾವಿಯಿಂದ ದೂರ ಆಳಕ್ಕೆ ಹೂತು ಬನ್ನಿ. ಕೋಳಿಗೆ ಹಾಕ್ಬೇಡಿ, ಗದ್ದೆಗೆ ಚೆಲ್ಲಬೇಡಿ. ಹೂತು, ಕೈ ತೊಳ್ಕೊಂಡು, ಆಮೇಲೆ ಬಂದು ಎತ್ತಿ. ನಾನು ಇಲ್ಲೇ ಕೂತಿರ್ತೀನಿ." ಅಷ್ಟು ಹೇಳಿ ಚಾಪೆಯ ಮೇಲೆ ದೊಪ್ಪನೆ ಕೂತಳು.

ಸಂಘದ ಇಬ್ಬರು ಚಾಪೆಯ ತುದಿ ಹಿಡಿಯಲು ಮುಂದೆ ಬಂದರು. ಹಿಂದಿನಿಂದ ಪಾಕ್ ಚಾರಿಕ್ ಅವರನ್ನು ಸರಿಸಿಕೊಂಡು ಬಂದರು. ಅವರ ಮುಖ ಬಿಳಿಚಿಕೊಂಡಿತ್ತು. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಆ ಮನುಷ್ಯ, ಸಂತೆಯಲ್ಲಿ ಎಂದೂ ನೆಲಕ್ಕೆ ಕೂರದವರು, ಅವಳ ಚಾಪೆಯ ಮುಂದೆ ಕುಕ್ಕರಗಾಲಲ್ಲಿ ಕೂತರು.

"ನಮ್ಮಪ್ಪ ಸಾಯೋವರೆಗೂ ತನ್ನಲ್ಲೇ ತಪ್ಪು ಹುಡುಕ್ತಿದ್ರು," ಎಂದರು. "ಇದನ್ನ ನಾನು ಮರೆಯಲ್ಲ ಯು."

"ಮರೀಬೇಡಿ," ಎಂದಳು ಅವಳು.

 ಪಾಕ್ ಚಾರಿಕ್ ಕೈ ಚಾಚಿ ಅವಳ ಚೀಲದೊಳಗೆ ಹಾಕಲು ಹೋದರು.

ಮೂವತ್ತನಾಲ್ಕು ವರ್ಷದ ರೂಢಿ ಎಲ್ಲಿ ಹೋಗುತ್ತದೆ? ಅಳುತ್ತಿದ್ದವಳೇ ಮೊರ ಎತ್ತಿ ಅಡ್ಡ ಹಿಡಿದಳು. "ಕೈ ತೊಳ್ಕೊಂಡ್ ಬಂದ್ರಾ? ಬೆಳಿಗ್ಗೆಯಿಂದ ಆ ಸೀಸೆ ಮುಟ್ಟಿದವರ ಕೈಯೆಲ್ಲ ಕುಲುಕಿದೀರಿ!"

 ಪಾಕ್ ಚಾರಿಕ್ ಎದ್ದರು. ಸೀದಾ ಸಂತೆಯ ನಲ್ಲಿಗೆ ಹೋದರು. ಸಾಬೂನು ಹಚ್ಚಿ, ಮೊಣಕೈವರೆಗೆ ಎರಡು ಸಲ ತೊಳೆದು, ಒರೆಸಿಕೊಂಡು ವಾಪಸು ಬಂದು ಮತ್ತೆ ಅಲ್ಲೇ ಕೂತರು. ಈ ಸಲ ಅವಳು ಮೊರ ತೆಗೆದಳು. ಅವರು ಅಂಟಕ್ಕಿಯಲ್ಲಿ ಬೆರಳಾಡಿಸಿ ಹುಡುಕಿ ಹುಡುಕಿ ಕೊನೆಗೂ ಒಂದು ನುಸಿ ಹಿಡಿದರು. ತೋರುಬೆರಳ ಮೇಲೆ ಬಿಟ್ಟುಕೊಂಡು ಕೈ ಎತ್ತಿ ಹಿಡಿದರು. ಅದು ಮೂತಿ ಆಡಿಸುತ್ತ ಉಗುರಿನತ್ತ ನಡೆಯಿತು. ಸಂತೆಗೆ ಸಂತೆಯೇ ಅದನ್ನು ನೋಡಿತು. ಗುಂತೊರೊನೂ ನೋಡಿದ.

"ಬದುಕಿದೆ," ಎಂದರು ಪಾಕ್ ಚಾರಿಕ್. ಜನ್ಮದಲ್ಲಿ ಮೊದಲ ಸಲ ಅವರ ದನಿ ಏರಿತ್ತು. "ಗುಂತೊರೊ, ಅಂಗಡಿ ಬಾಗಿಲು ಹಾಕು. ಹೂಳೋಕೆ ಗುದ್ದಲಿ ನಮ್ಮನೇಲಿದೆ, ನಾನೂ ಬರ್ತೀನಿ." ಆಮೇಲೆ ಅವಳತ್ತ ತಿರುಗಿದರು. "ಯು, ಒಂದು ಕಿಲೋ ಕಟ್ಟಿ. ನುಸಿ ಸಮೇತ."

ವಗಿಯೆಂ ಸೆರಗಿನಲ್ಲಿ ಮೂಗು ಒರೆಸಿಕೊಂಡು ತಕ್ಕಡಿ ಎತ್ತಿದಳು.

"ನುಸಿ ಪುಕ್ಕಟೆ," ಎಂದಳು. "ಕಾಳಿಗೆ ಮಾತ್ರ ದುಡ್ಡು ಕೊಡಿ."